ಎಂಬಿಎ ಸೇರುವ ಮುನ್ನ ತಲೆ ಎಣಿಸಿ: ಮೂವತ್ತರ ಕೋಣೆಯೋ, ತೊಂಬತ್ತರ ಸಭಾಂಗಣವೋ?

ಕಳೆದ ಭಾನುವಾರ ಸಿಂಧನೂರಿನಿಂದ ಅಕ್ಕನ ಮಗಳು ಬಳ್ಳಾರಿಗೆ ಬಂದಿದ್ದಳು. ಬಿ.ಕಾಂ ಮುಗಿದಿದೆ, ಎಂಬಿಎ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆದಾಗಿದೆ, ಬೇಕಾದ ಕಾಲೇಜುಗಳನ್ನು ಕ್ರಮವಾಗಿ ಗುರುತಿಸುವ ಆಪ್ಷನ್ ಎಂಟ್ರಿ ಮಾತ್ರ ಬಾಕಿ. ನೋಟ್‌ಬುಕ್ಕಿನ ನಡುಹಾಳೆಯಲ್ಲಿ ಗೆರೆ ಎಳೆದು ನಾಲ್ಕು ಕಾಲೇಜುಗಳ ಹೆಸರು ಬರೆದುಕೊಂಡಿದ್ದಳು. ಬಳ್ಳಾರಿಯಲ್ಲಿ ಎರಡು, ರಾಯಚೂರಿನಲ್ಲಿ ಒಂದು, ಬೆಂಗಳೂರಿನಲ್ಲಿ ಒಂದು. ಪ್ರತಿ ಹೆಸರಿನ ಎದುರು ಶುಲ್ಕ, ಹಾಸ್ಟೆಲ್, ಬಸ್ಸಿನ ಸೌಕರ್ಯ, ಪ್ಲೇಸ್‌ಮೆಂಟ್. "ಮಾಮ, ಇದರಲ್ಲಿ ಯಾವುದು ಮೇಲು, ನೀವೇ ಹೇಳಿ" ಎಂದಳು. ನಾನು ಪೆನ್ನು ಇಸಿದುಕೊಂಡು ಹಾಳೆಯ ಅಂಚಿನಲ್ಲಿ ಇನ್ನೊಂದು ಕಾಲಂ ಎಳೆದು ತಲೆಬರಹ ಕೊಟ್ಟೆ: "ಒಂದು ಕೋಣೆಯಲ್ಲಿ ಎಷ್ಟು ಜನ?" ಅವಳಿಗೆ ನಗು ಬಂತು. ಮದುವೆ ಊಟದ ಪಂಕ್ತಿ ಎಣಿಸಿದ ಹಾಗಾಯಿತಲ್ಲ ಎಂದಳು.

ಪಂಕ್ತಿಯ ಹೋಲಿಕೆ ಅಷ್ಟೇನೂ ತಪ್ಪಲ್ಲ. ಮೂವತ್ತು ಎಲೆಯ ಪಂಕ್ತಿಯಲ್ಲಿ ಬಡಿಸುವವನಿಗೆ ಯಾರ ಎಲೆಯಲ್ಲಿ ಪಲ್ಯ ಮುಗಿದಿದೆ ಎಂಬುದು ಕಾಣುತ್ತದೆ. ಮುನ್ನೂರು ಎಲೆಯಾದರೆ ಕೂಗಿ ಕರೆದವನಿಗೆ ಮಾತ್ರ ಸಿಗುತ್ತದೆ. ಆದರೆ ಮುನ್ನೂರು ಎಲೆಯ ಮದುವೆಯಲ್ಲಿ ಭಕ್ಷ್ಯಗಳು ಹೆಚ್ಚು, ಪಕ್ಕದಲ್ಲಿ ಕುಳಿತವರ ಊರುಗಳೂ ಹೆಚ್ಚು. ಎಂಬಿಎ ತರಗತಿಯ ಗಾತ್ರದ ಜಗಳವೂ ಹೆಚ್ಚುಕಡಿಮೆ ಇಷ್ಟೇ. ನಾನು ಎರಡೂ ಬಗೆಯ ಕೋಣೆಗಳಲ್ಲಿ ಕುಳಿತು ಬಂದವನು. ಈಗ ಜೀನ್ಸ್ ಹೊಲಿಯುವ ಕೆಲವು ಘಟಕಗಳ ಲೆಕ್ಕಪತ್ರ ನೋಡಿಕೊಂಡಿದ್ದೇನೆ. ಪರಿಚಯದವರ ಮಕ್ಕಳು ಪ್ರತಿ ವರ್ಷ ಇದೇ ಪ್ರಶ್ನೆ ಹೊತ್ತು ಬರುವುದರಿಂದ ಇಲ್ಲಿ ಬರೆದಿಡುತ್ತಿದ್ದೇನೆ.

ಒಂದು ಸಂಖ್ಯೆ ಕೇಳಿದರೆ ಸಾಲದು, ಮೂರು ಕೇಳಿ

ಕಾಲೇಜಿನ ಕಚೇರಿಯಲ್ಲಿ "ತರಗತಿಯಲ್ಲಿ ಎಷ್ಟು ಜನ" ಎಂದು ಕೇಳಿದರೆ ಬರುವ ಉತ್ತರ ಮಂಜೂರಾದ ಸೀಟುಗಳದ್ದು. ಇಂಥ ಕೋರ್ಸುಗಳಿಗೆ ಮಾನ್ಯತೆ ಕೊಡುವ ಕೇಂದ್ರದ ಮಂಡಳಿ ಎಐಸಿಟಿಇ ಲೆಕ್ಕದಲ್ಲಿ ಎಂಬಿಎಗೆ ಒಂದು ಡಿವಿಷನ್ ಎಂದರೆ 60 ಸೀಟು. ಹಾಗಾಗಿ 60, 120, 180 ಎಂಬ ಸಂಖ್ಯೆಗಳೇ ಎಲ್ಲ ಕಡೆ ಕೇಳಿಬರುತ್ತವೆ. ಎರಡನೆಯ ಸಂಖ್ಯೆ, ನಿಜವಾಗಿ ಪ್ರವೇಶ ಪಡೆದವರದು. ಮೂರನೆಯದು, ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಬೆಂಚಿನ ಮೇಲೆ ಕುಳಿತಿರುವವರದು. ನಮ್ಮ ಭಾಗದಲ್ಲಿ ಈ ಮೂರರ ನಡುವಿನ ಅಂತರ ಸಣ್ಣದೇನಲ್ಲ.

ನನ್ನದೇ ಉದಾಹರಣೆ. ನಾನು ಓದಿದ ಕಾಲೇಜಿನ ಹೆಸರು ಇಲ್ಲಿ ಬೇಡ. ಅಲ್ಲಿ 120 ಸೀಟು ಮಂಜೂರಾಗಿತ್ತು, ಸೇರಿದ್ದು 58 ಜನ. ಮೊದಲ ವರ್ಷ ಎರಡು ಸೆಕ್ಷನ್ ಮಾಡಿದರು. ನನ್ನ ಸೆಕ್ಷನ್ನಿನಲ್ಲಿ 28 ಜನ. ಎರಡನೇ ವರ್ಷ ಇಬ್ಬರು ಮೇಷ್ಟ್ರು ಬಿಟ್ಟುಹೋದರು. ಅವರ ಜಾಗಕ್ಕೆ ಯಾರೂ ಬರಲಿಲ್ಲ, ಎರಡೂ ಸೆಕ್ಷನ್‌ಗಳನ್ನು ಸೇರಿಸಿ ಒಂದೇ ಹಾಲಿನಲ್ಲಿ ಕೂರಿಸಿದರು. ಅದೇ ಹುಡುಗರು, ಅದೇ ಪುಸ್ತಕ, ಉಳಿದ ಮೇಷ್ಟ್ರೂ ಅವರೇ. ಆದರೂ ಎರಡೇ ವಾರದಲ್ಲಿ ನಾನು ಎರಡನೇ ಸಾಲಿನಿಂದ ಏಳನೇ ಸಾಲಿಗೆ ಸರಿದಿದ್ದೆ. ಯಾರೂ ಕಳಿಸಿರಲಿಲ್ಲ. ಏಳನೇ ಸಾಲಿನ ಮೇಲೆ ಫ್ಯಾನ್ ಇತ್ತು, ಬಳ್ಳಾರಿಯ ಏಪ್ರಿಲ್‌ನಲ್ಲಿ ಅಷ್ಟು ಕಾರಣ ಸಾಕು ಎಂದು ಆಗ ನಂಬಿದ್ದೆ. ಮೊದಲ ವರ್ಷ ಏಪ್ರಿಲ್‌ನಲ್ಲಿ ಎರಡನೇ ಸಾಲಿನಲ್ಲಿ ಬೆವರುತ್ತಲೇ ಕುಳಿತಿದ್ದೆನಲ್ಲ ಎಂಬುದು ಹೊಳೆದದ್ದು ಬಹಳ ವರ್ಷಗಳ ಮೇಲೆ.

ಸಣ್ಣ ತರಗತಿ ಎಂದ ಕೂಡಲೇ ಮರುಳಾಗಬೇಡಿ ಎನ್ನುವುದು ಇದಕ್ಕೇ. ಬೇಕೆಂದೇ ಸಣ್ಣದಾಗಿ ಇಟ್ಟುಕೊಂಡ ತರಗತಿ ಬೇರೆ, ಸೀಟು ತುಂಬದೆ ಸಣ್ಣದಾಗಿ ಉಳಿದ ತರಗತಿ ಬೇರೆ. ಮೊದಲನೆಯದರಲ್ಲಿ ಮೇಷ್ಟ್ರುಗಳ ಸಂಖ್ಯೆ ಮೊದಲೇ ನಿರ್ಧಾರವಾಗಿರುತ್ತದೆ. ಎರಡನೆಯದರಲ್ಲಿ ಶುಲ್ಕ ಕಡಿಮೆ ಬಂದಷ್ಟೂ ಕಾಲೇಜು ಕೈ ಬಿಗಿ ಹಿಡಿಯುತ್ತದೆ, ಒಬ್ಬರೇ ಮಾರ್ಕೆಟಿಂಗನ್ನೂ ಎಚ್‌ಆರ್ ಅನ್ನೂ ಪಾಠ ಮಾಡುತ್ತಾರೆ, ಸಾಲದ್ದಕ್ಕೆ ಬಿಬಿಎ ಮಕ್ಕಳಿಗೂ ಅವರೇ. ಇದನ್ನು ಪತ್ತೆ ಹಚ್ಚಲು ಒಂದು ಸುಲಭದ ಭಾಗಾಕಾರವಿದೆ. ಎಐಸಿಟಿಇ ಹೇಳುವ ಪ್ರಮಾಣ 20 ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕ. ವರ್ಷಕ್ಕೆ 60 ಸೀಟು ಇದ್ದರೆ ಎರಡು ವರ್ಷಕ್ಕೆ 120, ಅಂದರೆ ಕನಿಷ್ಠ ಆರು ಜನ ಮೇಷ್ಟ್ರು ಇರಬೇಕು. ಜಾಲತಾಣದ ಪಟ್ಟಿಯಲ್ಲಿ ಆರು ಹೆಸರಿದ್ದರೆ ನಿಲ್ಲಬೇಡಿ, ವಿಭಾಗದ ಗೋಡೆಗೆ ಅಂಟಿಸಿದ ವೇಳಾಪಟ್ಟಿ ನೋಡಿ. ಅದರಲ್ಲಿ ಎಷ್ಟು ಜನರ ಇನಿಷಿಯಲ್ ಇದೆಯೋ ಅಷ್ಟೇ ಜನ ನಿಮಗೆ ಪಾಠ ಮಾಡುವವರು.

ದೊಡ್ಡವರು ಯಾಕೆ ದೊಡ್ಡ ಕೋಣೆ ಇಟ್ಟುಕೊಂಡಿದ್ದಾರೆ

ಸಣ್ಣದೇ ಒಳ್ಳೆಯದಾಗಿದ್ದರೆ ಅಮೆರಿಕದ ಹಾರ್ವರ್ಡ್‌ನವರಿಗೆ ದುಡ್ಡಿಗೇನು ಬರವೇ? 1908ರಲ್ಲಿ ಶುರುವಾದ ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಇಂದಿಗೂ ವರ್ಷಕ್ಕೆ 900ಕ್ಕಿಂತ ಹೆಚ್ಚು ಜನರನ್ನು ಎಂಬಿಎಗೆ ತೆಗೆದುಕೊಳ್ಳುತ್ತದೆ, ಅವರನ್ನು ಸುಮಾರು 90 ಜನರ ಸೆಕ್ಷನ್‌ಗಳಾಗಿ ಒಡೆಯುತ್ತದೆ. ಮೊದಲ ವರ್ಷ ಪೂರ್ತಿ ಆ 90 ಜನ ಒಟ್ಟಿಗೇ ಕೂರುತ್ತಾರೆ. ಎದುರಿಗೆ ಹೆಸರಿನ ಫಲಕ ಇರುತ್ತದೆ, ಮೇಷ್ಟ್ರು ಯಾರ ಹೆಸರನ್ನು ಬೇಕಾದರೂ ಕರೆದು ಕೇಳಬಹುದು. ಅನೇಕ ವಿಷಯಗಳಲ್ಲಿ ಅರ್ಧದಷ್ಟು ಅಂಕ ತರಗತಿಯಲ್ಲಿ ಆಡಿದ ಮಾತಿಗೇ. ಅಲ್ಲಿ ಪಾಠವೆಂದರೆ ಕೇಸ್ ಚರ್ಚೆ: ಒಂದು ಕಂಪನಿಯ ಕಷ್ಟವನ್ನು ಹಿಂದಿನ ರಾತ್ರಿ ಓದಿಕೊಂಡು ಬಂದು, ನೀನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ವಾದಿಸುವುದು. ಇಂಥ ಚರ್ಚೆಗೆ ಜನ ಬೇಕು. ಸೈನ್ಯದಲ್ಲಿದ್ದವನು, ಆಸ್ಪತ್ರೆ ನಡೆಸಿದವಳು, ಬ್ಯಾಂಕಿನಲ್ಲಿ ಸಾಲ ಕೊಟ್ಟವನು, ಎಲ್ಲರೂ ಒಂದೇ ಕೋಣೆಯಲ್ಲಿದ್ದರೆ ವಾದಕ್ಕೆ ಕಾವು ಬರುತ್ತದೆ. ಹದಿನೈದೇ ಜನ, ಅದರಲ್ಲೂ ಎಲ್ಲರೂ ಒಂದೇ ಊರಿನ ಬಿ.ಕಾಂ ಎಂದರೆ ಹತ್ತು ನಿಮಿಷಕ್ಕೆ ಮಾತು ಮುಗಿದು ಗಡಿಯಾರ ನೋಡುವಂತಾಗುತ್ತದೆ.

1961ರಲ್ಲಿ ಆರಂಭವಾದ ಅಹಮದಾಬಾದಿನ ಐಐಎಂ ಅನ್ನು ಶುರುವಿನಲ್ಲಿ ಕೈಹಿಡಿದು ನಡೆಸಿದ್ದು ಹಾರ್ವರ್ಡ್. ಕೇಸ್ ಪದ್ಧತಿ ಅಲ್ಲಿಂದಲೇ ಬಂತು. 2001ರಲ್ಲಿ ಹೈದರಾಬಾದಿನಲ್ಲಿ ಬಾಗಿಲು ತೆರೆದ ಐಎಸ್‌ಬಿ (ಇಂಡಿಯನ್ ಸ್ಕೂಲ್ ಆಫ್ ಬಿಸಿನೆಸ್), 2012ರಲ್ಲಿ ಮೊಹಾಲಿಯಲ್ಲಿ ಇನ್ನೊಂದು ಕ್ಯಾಂಪಸ್ ಮಾಡಿಕೊಂಡಿತು. ಅದರ ಒಂದು ವರ್ಷದ ಕೋರ್ಸಿಗೆ ಎರಡೂ ಕಡೆ ಸೇರಿ ನೂರಾರು ಜನ. ಇದಕ್ಕೆ ತದ್ವಿರುದ್ಧವಾಗಿ, ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಟಕ್ ಸ್ಕೂಲ್ 1900ರಿಂದ ನಡೆಯುತ್ತಿದ್ದರೂ ವರ್ಷಕ್ಕೆ 300ರ ಆಸುಪಾಸಿನಲ್ಲೇ ನಿಂತಿದೆ. ಸಣ್ಣ ಊರು, ಎಲ್ಲರಿಗೂ ಎಲ್ಲರ ಪರಿಚಯ, ಹಳೆಯ ವಿದ್ಯಾರ್ಥಿಗೆ ಫೋನ್ ಮಾಡಿದರೆ ಎತ್ತಿಕೊಳ್ಳುತ್ತಾರೆ ಎಂಬುದೇ ಅದರ ಹೆಗ್ಗಳಿಕೆ. ಹಾರ್ವರ್ಡ್, ಟಕ್ ಎರಡೂ ಹೆಸರುವಾಸಿಯೇ. ಅಂದಮೇಲೆ ಗಾತ್ರವೊಂದೇ ಕಾಲೇಜನ್ನು ಎತ್ತುವುದೂ ಇಲ್ಲ, ಬೀಳಿಸುವುದೂ ಇಲ್ಲ. ಗಾತ್ರಕ್ಕೂ ಪಾಠದ ರೀತಿಗೂ ಹೊಂದಾಣಿಕೆ ಇದೆಯೇ ಎಂಬುದನ್ನು ನೋಡಬೇಕು.

ನಿಮ್ಮ ಪಾಲಿಗೆ ಎಷ್ಟು ಸರದಿ?

ಹೊಂದಾಣಿಕೆ ಅಳೆಯಲು ನಾನು ಬಳಸುವುದು ಅಂಗಡಿ ಲೆಕ್ಕ. ತರಗತಿ ಒಂದೂಕಾಲು ಗಂಟೆ ಎನ್ನಿ. ಮೇಷ್ಟ್ರು 25 ನಿಮಿಷ ಮಾತಾಡಿ ಉಳಿದ 50 ನಿಮಿಷವನ್ನು ವಿದ್ಯಾರ್ಥಿಗಳಿಗೆ ಬಿಟ್ಟುಕೊಟ್ಟರು. ಒಬ್ಬರಿಗೆ ಎರಡು ನಿಮಿಷದಂತೆ 25 ಸರದಿ. ಕೋಣೆಯಲ್ಲಿ 90 ಜನ ಇದ್ದರೆ ನಿಮ್ಮ ಸರದಿ ಮೂರು ನಾಲ್ಕು ತರಗತಿಗೊಮ್ಮೆ, 30 ಜನ ಇದ್ದರೆ ಹೆಚ್ಚುಕಡಿಮೆ ಪ್ರತಿ ದಿನ. ಈಗ ನಮ್ಮ ಕಡೆಯ ಸಾಮಾನ್ಯ ತರಗತಿಗೆ ಬನ್ನಿ. ಒಂದು ಗಂಟೆಯ ಪಾಠದಲ್ಲಿ 50 ನಿಮಿಷ ಮೇಷ್ಟ್ರದೇ ಮಾತು, ಉಳಿದ 10 ನಿಮಿಷಕ್ಕೆ ಐದು ಸರದಿ. ಅಲ್ಲಿ 60 ಜನ ಇದ್ದರೆ ನಿಮಗೆ ಬಾಯಿ ತೆರೆಯುವ ಅವಕಾಶ ಹನ್ನೆರಡು ತರಗತಿಗೊಮ್ಮೆ. 30 ಜನ ಇದ್ದರೂ ಆರಕ್ಕೊಮ್ಮೆ. ಹಾರ್ವರ್ಡ್‌ನ 90ರ ಕೋಣೆಗಿಂತ ಕಡೆ!

ಹೀಗಾಗಿ "ನಮ್ಮಲ್ಲಿ ಮೂವತ್ತೇ ಜನ, ವೈಯಕ್ತಿಕ ಗಮನ ಕೊಡುತ್ತೇವೆ" ಎಂದು ಕೈಪಿಡಿಯಲ್ಲಿ ಅಚ್ಚಾಗಿದ್ದರೆ ಮರುಪ್ರಶ್ನೆ ಹಾಕಿ: ಮೇಷ್ಟ್ರು ನೋಟ್ಸ್ ಬರೆಸುತ್ತಾರೋ, ಪ್ರಶ್ನೆ ಕೇಳುತ್ತಾರೋ? ನೋಟ್ಸ್ ಬರೆಸುವ ಕೋಣೆಯಲ್ಲಿ 30 ಇದ್ದರೇನು, 300 ಇದ್ದರೇನು.

ಭತ್ತ, ನುಚ್ಚು, ತೌಡು

ಸಣ್ಣ ಕೋಣೆ ಸರಿಯಾದ ಮೇಷ್ಟ್ರ ಕೈಗೆ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ನನ್ನ ಮೊದಲ ವರ್ಷದ ಒಂದು ದಿನ ಸಾಕ್ಷಿ. ಕಾಸ್ಟಿಂಗ್ ತರಗತಿ. ಒಂದೇ ಕಚ್ಚಾವಸ್ತುವಿನಿಂದ ಎರಡು ಮೂರು ಉತ್ಪನ್ನ ಹೊರಬಂದರೆ ಖರ್ಚನ್ನು ಹೇಗೆ ಹಂಚಬೇಕು ಎಂಬ ಪಾಠ. ಪುಸ್ತಕದಲ್ಲಿದ್ದದ್ದು ಕಚ್ಚಾ ತೈಲ ಸಂಸ್ಕರಣೆಯ ಉದಾಹರಣೆ. ನಮ್ಮಲ್ಲಿ ಯಾರೂ ತೈಲಾಗಾರ ಕಂಡವರಲ್ಲ. ಮೇಷ್ಟ್ರು ಮುಖಗಳನ್ನು ಒಮ್ಮೆ ನೋಡಿದರು. 28 ಮುಖಗಳಾದ್ದರಿಂದ ಅರ್ಥವಾಗದ್ದು ಅವರಿಗೆ ಕಾಣಿಸಿತು. "ಯಾರ ಮನೆಯಲ್ಲಿ ಅಕ್ಕಿ ಗಿರಣಿ ಇದೆ?" ಎಂದರು. ಗಂಗಾವತಿಯ ಹುಡುಗನೊಬ್ಬ ಅರ್ಧ ಕೈ ಎತ್ತಿದ. ಅಲ್ಲಿಯವರೆಗೆ ಅವನ ದನಿ ಹಾಜರಿಗೆ ಬಿಟ್ಟರೆ ಕೇಳಿದವರಿಲ್ಲ.

ಅವನನ್ನು ಬೋರ್ಡಿನ ಬಳಿಗೆ ಕರೆದರು. ಇಂಗ್ಲಿಷಿನಲ್ಲಿ ಒಂದು ವಾಕ್ಯ ಶುರು ಮಾಡಿ ತಡವರಿಸಿದ. "ಕನ್ನಡದಲ್ಲೇ ಹೇಳಪ್ಪ" ಎಂದರು. ಹುಡುಗ ಹೇಳತೊಡಗಿದ. ಸರ್ಕಾರಕ್ಕೆ ಗಿರಣಿ ಮಾಡಿಕೊಡುವಾಗ ಕ್ವಿಂಟಲ್ ಭತ್ತಕ್ಕೆ 67 ಕಿಲೋ ಬೆಳ್ತಿಗೆ ಅಕ್ಕಿ ಕೊಡಬೇಕು, ಕುಸುಬಲಕ್ಕಿಯಾದರೆ 68. ಉಳಿದದ್ದು ತೌಡು, ಹೊಟ್ಟು, ಒಂದಿಷ್ಟು ಧೂಳು. ತೌಡು ಎಣ್ಣೆ ತೆಗೆಯುವವರಿಗೆ ಹೋಗುತ್ತದೆ, ಹೊಟ್ಟು ಬಾಯ್ಲರಿಗೆ. ಭತ್ತ ಸರಿಯಾಗಿ ಒಣಗದಿದ್ದರೆ ಅಕ್ಕಿ ಮುರಿದು ನುಚ್ಚು ಹೆಚ್ಚುತ್ತದೆ, ನುಚ್ಚಿಗೆ ಬೆಲೆಯೇ ಬೇರೆ. "ಅಕ್ಕಿಯಲ್ಲಿ ಗಿಟ್ಟದಿದ್ದ ವರ್ಷ ತೌಡು ನಮ್ಮ ಕೈ ಹಿಡಿಯುತ್ತದೆ ಸರ್" ಎಂದ. ಮೇಷ್ಟ್ರು ಅವನು ಹೇಳಿದ್ದನ್ನೆಲ್ಲ ಬೋರ್ಡಿನ ಎಡಕ್ಕೆ ಬರೆದು, ಬಲಕ್ಕೆ ಪುಸ್ತಕದ ಸೂತ್ರ ಬರೆದು, ನಡುವೆ ಬಾಣದ ಗುರುತು ಹಾಕಿದರು. ಮರುದಿನ ಹುಡುಗ ನಾಲ್ಕು ಸಣ್ಣ ಪ್ಲಾಸ್ಟಿಕ್ ಚೀಲ ತಂದು ಮೇಜಿನ ಮೇಲೆ ಸಾಲಾಗಿ ಇಟ್ಟ: ಭತ್ತ, ಅಕ್ಕಿ, ನುಚ್ಚು, ತೌಡು. ತೌಡಿನ ವಾಸನೆ ಆ ವಾರವಿಡೀ ಕೋಣೆಯಲ್ಲಿತ್ತು.

ಎರಡನೇ ವರ್ಷ, ಸೆಕ್ಷನ್ ಕೂಡಿಸಿದ ಮೇಲೆ, ಅದೇ ಮೇಷ್ಟ್ರು ಮೈಕ್ ಹಿಡಿದು ಪಾಠ ಮಾಡಿದರು. ಮೈಕ್ ಆಗಾಗ ಕೆಡುತ್ತಿತ್ತು. ಗಂಗಾವತಿಯ ಹುಡುಗ ನನ್ನ ಪಕ್ಕದಲ್ಲೇ, ಏಳನೇ ಸಾಲಿನಲ್ಲಿ.

ಹಾಗೆಂದು ದೊಡ್ಡ ಕೋಣೆಯ ಋಣ ನನ್ನ ಮೇಲೆ ಇಲ್ಲವೆನ್ನಲಾರೆ. ಕೆಲಸಕ್ಕೆ ಸೇರಿ ಕೆಲವು ವರ್ಷಗಳಾದ ಮೇಲೆ ಕಂಪನಿಯವರು ಬೆಂಗಳೂರಿಗೆ ಒಂದು ವಾರದ ತರಬೇತಿಗೆ ಕಳಿಸಿದ್ದರು. ಮೆಟ್ಟಿಲು ಮೆಟ್ಟಿಲಾದ ಅರ್ಧಚಂದ್ರಾಕಾರದ ಹಾಲ್, 80 ಜನ. ಸಿದ್ಧ ಉಡುಪಿನ ಕಂಪನಿಯೊಂದರ ಕೇಸ್ ಬಂತು. ಹೊಲಿಗೆಯನ್ನು ಜಾಬ್ ವರ್ಕ್‌ಗೆ ಹೊರಗೆ ಕೊಡಬೇಕೋ, ಸ್ವಂತ ಘಟಕ ಹಾಕಬೇಕೋ? ನನಗೆ ಇದು ನೀರು ಕುಡಿದಷ್ಟು ಸುಲಭ, ಬಳ್ಳಾರಿಯಲ್ಲಿ ಕಟಿಂಗ್ ಒಬ್ಬರು, ಹೊಲಿಗೆ ಇನ್ನೊಬ್ಬರು, ವಾಷಿಂಗ್ ಮತ್ತೊಬ್ಬರು ಮಾಡುವುದನ್ನು ದಿನಾ ನೋಡುವವನು ನಾನು. ಎರಡು ದಿನ ಕೈ ಎತ್ತಿ, ಒಂದೇ ಸಲ, ಒಂದೂವರೆ ನಿಮಿಷ ಮಾತಾಡಲು ಸಿಕ್ಕಿತು. ಆದರೆ ನನ್ನ ಮಾತು ಮುಗಿಯುತ್ತಿದ್ದಂತೆ ಎರಡು ಸಾಲು ಮೇಲಿಂದ ಬ್ಯಾಂಕಿನ ಹೆಂಗಸೊಬ್ಬರು, "ನಿಮ್ಮ ಜಾಬ್ ವರ್ಕ್‌ನವರಿಗೆ ಹಣ ಎಷ್ಟು ದಿನಕ್ಕೆ ಸಲ್ಲುತ್ತದೆ? ಅವರ ಬಡ್ಡಿ ಯಾರ ಲೆಕ್ಕದಲ್ಲಿದೆ?" ಎಂದು ಕೇಳಿದರು. ಆ ಪ್ರಶ್ನೆ ಬಳ್ಳಾರಿಯ ನಮ್ಮ 28ರ ಕೋಣೆಯಲ್ಲಿ ಎಂದೂ ಏಳುತ್ತಿರಲಿಲ್ಲ. ಇಂದಿಗೂ ಒಂದು ಘಟಕದ ಲೆಕ್ಕ ತೆರೆದರೆ ನಾನು ಮೊದಲು ನೋಡುವುದು ಅದನ್ನೇ.

ಕನ್ನಡ ಮಾಧ್ಯಮದಿಂದ ಬಂದವರಿಗೆ

ಇದನ್ನು ಯಾವ ಕೈಪಿಡಿಯೂ ಬರೆಯುವುದಿಲ್ಲವಾದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಳ್ಳಿಯ ಕನ್ನಡ ಶಾಲೆಯಿಂದ ಬಂದು ಎಂಬಿಎ ಸೇರುವ ನಮ್ಮ ಮಕ್ಕಳಿಗೆ ಲೆಕ್ಕ ಬರುತ್ತದೆ, ವ್ಯಾಪಾರ ಗೊತ್ತು, ನಾಲಗೆ ಮಾತ್ರ ಇಂಗ್ಲಿಷಿಗೆ ಹೊರಳುವುದಿಲ್ಲ. ದೊಡ್ಡ ಕೋಣೆ ಅವರಿಗೆ ಅಡಗಿಕೊಳ್ಳಲು ಹೇಳಿ ಮಾಡಿಸಿದ ಜಾಗ. ವಿಶ್ವವಿದ್ಯಾಲಯದ ಪರೀಕ್ಷೆ ಬರವಣಿಗೆಯದು, ಅದರಲ್ಲಿ ಪಾಸಾಗಲು ಬಾಯಿ ಬಿಡಬೇಕಾಗಿಲ್ಲ. ಎರಡು ವರ್ಷ ಮೌನವಾಗಿ ಕುಳಿತು ಪ್ರಥಮ ದರ್ಜೆ ಪಡೆದು, ಸಂದರ್ಶನದ ಮೇಜಿನೆದುರು "ನಿಮ್ಮ ಬಗ್ಗೆ ಹೇಳಿ" ಎಂದಾಗ ಕೈ ನಡುಗುವುದನ್ನು ನಾನು ಮೇಜಿನ ಈಚೆ ಕುಳಿತು ನೋಡಿದ್ದೇನೆ. ಸಣ್ಣ ಕೋಣೆಯಲ್ಲಿ ಮೊದಲ ತಿಂಗಳು ಮಾನ ಹೋದಂತೆ ಅನ್ನಿಸುತ್ತದೆ. ಮೂರನೇ ತಿಂಗಳಿಗೆ ಯಾರಿಗೂ ಯಾರ ವ್ಯಾಕರಣವೂ ನೆನಪಿರುವುದಿಲ್ಲ. ಬಾಯಿ ಬಿಡಲು ಅಂಜುವವರು ಮೊದಲ ಆಯ್ಕೆಯಾಗಿ ಸಣ್ಣ ತರಗತಿಯನ್ನೇ ಹಾಕಬೇಕು, ಶುಲ್ಕ ಸ್ವಲ್ಪ ಹೆಚ್ಚಾದರೂ ಸರಿ. ಈ ಮಾತಿನಲ್ಲಿ ನನಗೆ ಅನುಮಾನವಿಲ್ಲ.

ಪ್ರಾಜೆಕ್ಟ್, ಆಯ್ಕೆಯ ವಿಷಯ, ಕೆಲಸ

ಗಾತ್ರದ ಪೆಟ್ಟು ನೇರವಾಗಿ ಬೀಳುವುದು ಪ್ರಾಜೆಕ್ಟ್ ವರದಿಯ ಮೇಲೆ. ಒಬ್ಬ ಗೈಡ್‌ಗೆ ಐದಾರು ವಿದ್ಯಾರ್ಥಿಗಳಿದ್ದರೆ ಅವರು ಕರಡು ಓದುತ್ತಾರೆ, ಕೆಂಪು ಶಾಯಿ ಕಾಣುತ್ತದೆ. ಹದಿನೈದು ಇಪ್ಪತ್ತಾದರೆ ಸಹಿ ಮಾತ್ರ ಬೀಳುತ್ತದೆ. ಗ್ರಂಥಾಲಯದಲ್ಲಿ ಹಿಂದಿನ ವರ್ಷಗಳ ವರದಿಗಳ ಕಪಾಟು ತೆಗೆಸಿ ನೋಡಿ. ಉಕ್ಕಿನ ಕಾರ್ಖಾನೆಯಲ್ಲಿ ಕಾರ್ಮಿಕರ ತೃಪ್ತಿ ಎಂಬ ಒಂದೇ ಶೀರ್ಷಿಕೆ ಎಂಟು ಹತ್ತು ಬೆನ್ನುಗಳ ಮೇಲೆ ಚಿನ್ನದಕ್ಷರದಲ್ಲಿ ಕಂಡರೆ, ಆ ಕಾಲೇಜಿನ ಗೈಡ್‌ಗಳಿಗೆ ಪುರುಸೊತ್ತಿಲ್ಲ ಎಂದೇ ತಿಳಿಯಿರಿ. ತೋರಣಗಲ್ಲಿನ ಉಕ್ಕು, ಸಂಡೂರಿನ ಗಣಿ, ರಾಯಚೂರಿನ ಹತ್ತಿ ಮಾರುಕಟ್ಟೆ, ಹಟ್ಟಿಯ ಚಿನ್ನ, ಕಿನ್ನಾಳದ ಆಟಿಕೆ ಇಷ್ಟೆಲ್ಲ ಕೈಗೆಟುಕುವ ದೂರದಲ್ಲಿರುವಾಗ ಒಂದೇ ಶೀರ್ಷಿಕೆ ಹತ್ತು ಸಲ ಬರುವುದು ನಾಚಿಕೆಗೇಡು.

ಆಯ್ಕೆಯ ವಿಷಯಗಳಲ್ಲಿ ದೊಡ್ಡ ತರಗತಿಯದೇ ಮೇಲುಗೈ. ಒಂದು ವಿಷಯ ಶುರು ಮಾಡಲು ಹತ್ತಿಪ್ಪತ್ತು ಜನರಾದರೂ ಬೇಕಲ್ಲ. 30 ಜನರ ತಂಡದಲ್ಲಿ ಫೈನಾನ್ಸಿಗೆ 20, ಮಾರ್ಕೆಟಿಂಗಿಗೆ 7, ಎಚ್‌ಆರ್‌ಗೆ 3 ಎಂದಾದರೆ ಆ ಮೂವರನ್ನು ಕರೆದು "ಫೈನಾನ್ಸೇ ತೆಗೆದುಕೊಳ್ಳಿ" ಎಂದು ಪುಸಲಾಯಿಸುತ್ತಾರೆ. ನಿಮಗೆ ಬೇಕಾದ ವಿಷಯ ಅಪರೂಪದ್ದಾದರೆ ದೊಡ್ಡ ಕಾಲೇಜಿಗೇ ಹೋಗಿ.

ಪ್ಲೇಸ್‌ಮೆಂಟ್ ವಿಚಾರದಲ್ಲಿ ಜನ ಒಂದೇ ಮಗ್ಗುಲಿನಿಂದ ಯೋಚಿಸುತ್ತಾರೆ: ಕಡಿಮೆ ಜನ, ಕಡಿಮೆ ಸ್ಪರ್ಧೆ. ಕಂಪನಿಯವರ ಮಗ್ಗುಲಿನಿಂದ ನೋಡಿ. ಬೆಂಗಳೂರಿನಿಂದ ಇಬ್ಬರು ರಾತ್ರಿ ರೈಲು ಹತ್ತಿ ಬಂದು, ಲಾಡ್ಜ್ ಹಿಡಿದು, ಇಡೀ ದಿನ ಕೂತು ಸಂದರ್ಶನ ಮಾಡಿದರೆ ಹತ್ತು ಜನವಾದರೂ ಸಿಗಬೇಕು. 25 ಜನರ ಕಾಲೇಜಿಗೆ ಅವರು ಬರುವುದು ಕಡಿಮೆ, ನಾಲ್ಕಾರು ಕಾಲೇಜುಗಳನ್ನು ಕೂಡಿಸಿ ಪೂಲ್ ಕ್ಯಾಂಪಸ್ ಮಾಡುತ್ತಾರೆ. ಅಲ್ಲಿ ನೀವು 25ರಲ್ಲಿ ಒಬ್ಬರಲ್ಲ, ಐನೂರರಲ್ಲಿ ಒಬ್ಬರು. ಸಣ್ಣ ಕಾಲೇಜಿನಿಂದ ಕೆಲಸ ಸಿಗುವ ದಾರಿ ಬೇರೆ. ಮೇಷ್ಟ್ರೊಬ್ಬರು ಪರಿಚಯದ ಕಾರ್ಖಾನೆಯವರಿಗೆ ಫೋನ್ ಮಾಡಿ, "ಈ ಹುಡುಗಿಯನ್ನು ಎರಡು ವರ್ಷ ನೋಡಿದ್ದೇನೆ, ಕಣ್ಣು ಮುಚ್ಚಿ ತೆಗೆದುಕೊಳ್ಳಿ" ಎನ್ನುವುದು. ನನಗೆ ಮೊದಲ ಕೆಲಸ ಸಿಕ್ಕಿದ್ದು ಹೀಗೆ. ಆದರೆ ಆ ಫೋನು ತಲುಪುವುದು ಹೊಸಪೇಟೆ, ಹುಬ್ಬಳ್ಳಿಯವರೆಗೆ. ಮುಂಬೈಗೆ ತಲುಪಬೇಕಾದರೆ ಸಾವಿರಾರು ಹಳೆಯ ವಿದ್ಯಾರ್ಥಿಗಳಿರುವ ಕಾಲೇಜೇ ಬೇಕು.

ದೂರಶಿಕ್ಷಣ, ಆನ್‌ಲೈನ್ ಎಂಬಿಎ ಬಗ್ಗೆ ಒಂದೇ ಮಾತು. ಅಲ್ಲಿ ಕೋಣೆಯೇ ಇಲ್ಲ, ಆದ್ದರಿಂದ ಗಾತ್ರದ ಪ್ರಶ್ನೆಯೂ ಇಲ್ಲ. ಬಡ್ತಿಗೆ ಪದವಿ ಬೇಕಾದ ನೌಕರರಿಗೆ ಸರಿ, ಇಪ್ಪತ್ತೊಂದರ ವಯಸ್ಸಿನವರಿಗೆ ನಾನು ಹೇಳುವುದಿಲ್ಲ.

ಹಾಗಾದರೆ ಯಾರು ಎಲ್ಲಿ?

ತೋರಣಗಲ್ಲಿನಲ್ಲೋ ಶಕ್ತಿನಗರದಲ್ಲೋ ಮೂರು ನಾಲ್ಕು ವರ್ಷ ದುಡಿದ ಎಂಜಿನಿಯರುಗಳು ಕಷ್ಟಪಟ್ಟು ಕ್ಯಾಟ್ ಅಥವಾ ಜಿಮ್ಯಾಟ್ ಪ್ರವೇಶ ಪರೀಕ್ಷೆ ಬರೆದು ದೊಡ್ಡ ಶಾಲೆಗೆ ಹೋಗಲಿ. ಅವರ ಬಳಿ ಹೇಳಲು ಸಂಗತಿ ಇದೆ, 90 ಜನರ ನಡುವೆ ಕೈ ಎತ್ತುವ ಧೈರ್ಯವೂ ಇರುತ್ತದೆ. ಕೆಲಸದ ಅನುಭವವಿಲ್ಲದೆ ಪದವಿಯಿಂದ ನೇರ ಬರುವವರಿಗೆ 30ರಿಂದ 45ರ ಕೋಣೆ, ಪೂರ್ತಿ ಅಧ್ಯಾಪಕರು, ಪ್ರಶ್ನೆ ಕೇಳುವ ಅಭ್ಯಾಸ, ಈ ಮೂರೂ ಇರುವ ಕಡೆ ಮೊದಲ ಆದ್ಯತೆ. ಅಪ್ಪನ ಗಿರಣಿಯನ್ನೋ ಅಂಗಡಿಯನ್ನೋ ಮುಂದುವರಿಸುವವರು ಊರಿಗೆ ಹತ್ತಿರದಲ್ಲೇ ಓದಿದರೆ ಲೇಸು. ನಾಳೆ ವ್ಯವಹಾರ ಮಾಡಬೇಕಾದವರ ಜೊತೆಗೇ ಇಂದು ಬೆಂಚು ಹಂಚಿಕೊಂಡಂತಾಗುತ್ತದೆ.

ಬಳ್ಳಾರಿ, ರಾಯಚೂರು, ಕೊಪ್ಪಳ ಸೇರಿದಂತೆ ಕಲ್ಯಾಣ ಕರ್ನಾಟಕದವರು, ಸಂವಿಧಾನದ 371(ಜೆ) ವಿಧಿಯಡಿ ಸ್ಥಳೀಯರಿಗೆ ಸಿಗುವ ಪ್ರಮಾಣಪತ್ರವನ್ನು ಮರೆಯಬಾರದು. ಈ ಭಾಗದ ಸರ್ಕಾರಿ ಸೀಟುಗಳಲ್ಲಿ ಸ್ಥಳೀಯರಿಗೆ ಶೇ 70, ರಾಜ್ಯದ ಉಳಿದ ಕಡೆ ಶೇ 8 ಮೀಸಲು. ಗಾತ್ರದ ದೃಷ್ಟಿಯಿಂದ ಇದಕ್ಕೆ ಇನ್ನೊಂದು ಅರ್ಥವೂ ಇದೆ. ಇಲ್ಲಿಯ ಕೋಣೆಯಲ್ಲಿ ಹೆಚ್ಚಿನವರು ನಿಮ್ಮವರೇ, ಮಾತಾಡಲು ಅಂಜಿಕೆ ಕಡಿಮೆ. ಆದರೆ ಆ ಬ್ಯಾಂಕಿನ ಹೆಂಗಸಿನಂಥ ಹೊರಗಿನ ಪ್ರಶ್ನೆಯೂ ಕಡಿಮೆ. ಹೊರಗಿನ ಗಾಳಿ ಬೇಕೆನ್ನುವವರು ಆ ಶೇ 8ನ್ನು ಬಳಸಿಕೊಂಡು ಮೈಸೂರಿಗೋ ಬೆಂಗಳೂರಿಗೋ ಹೋಗಬಹುದು.

ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಅಕ್ಕನ ಮಗಳ ತಟ್ಟೆಯಲ್ಲಿದ್ದ ಮಂಡಕ್ಕಿ ಒಗ್ಗರಣೆ ಆರಿತ್ತು, ಮಿರ್ಚಿ ಮಾತ್ರ ಖಾಲಿ. ಮಂಗಳವಾರ ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಅವಳ ಪಟ್ಟಿಯ ಮೊದಲ ಕಾಲೇಜಿಗೆ ಹೋದೆ. ಕಚೇರಿಯಲ್ಲಿ 60 ಎಂದರು. ಸೂಚನಾ ಫಲಕದಲ್ಲಿ ಅಂಟಿಸಿದ್ದ ಆಂತರಿಕ ಅಂಕಗಳ ಪಟ್ಟಿಯಲ್ಲಿ ಅವಳು ಎಣಿಸಿದ್ದು 41. ಕಾರಿಡಾರಿನ ಕಿಟಕಿಯಿಂದ ಬಗ್ಗಿ ನೋಡಿ ಬೆರಳು ಮಡಚಿ ಎಣಿಸಿದಾಗ ಸಿಕ್ಕಿದ್ದು 19. "ಮಾಮ, ಬೋರ್ಡಿನ ಹತ್ತಿರ ನಿಂತಿರುವುದು ಮೇಷ್ಟ್ರಲ್ಲ, ಹುಡುಗಿ" ಎಂದು ಪಿಸುಗುಟ್ಟಿದಳು. ನಿಜ, ಮೇಷ್ಟ್ರು ಹಿಂದಿನ ಬೆಂಚಿನಲ್ಲಿ ಕೈಕಟ್ಟಿ ಕುಳಿತಿದ್ದರು. ಹಾಳೆ ತೆಗೆದು ಕೊನೆಯ ಕಾಲಂನಲ್ಲಿ ಮೂರೂ ಸಂಖ್ಯೆ ಬರೆದುಕೊಂಡು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದಳು. ಗುರುವಾರ ರಾಯಚೂರಿನದನ್ನು ನೋಡಿಕೊಂಡು ಬರುತ್ತಾಳಂತೆ.